ಆರನೇ ಹಾಸಿಗೆಯ ಗಲಾಟೆ

ತುರ್ತು ಚಿಕಿತ್ಸಾ ವಿಭಾಗದ ಗೋಡೆಯ ಮೇಲೆ ಒಂದು ಬಿಳಿ ಹಲಗೆ ಇತ್ತು. ಯಾವ ಹಾಸಿಗೆಯಲ್ಲಿ ಯಾವ ಕಾಯಿಲೆ ಮಲಗಿದೆ ಎಂದು ಅದರ ಮೇಲೆ ನೀಲಿ ಶಾಯಿಯಲ್ಲಿ ಬರೆಯುವುದು ರೂಢಿ. ಆ ದಿನ ಬೆಳಿಗ್ಗೆ ಒಂದನೇ ಹಾಸಿಗೆಯ ಮುಂದೆ ಎದೆನೋವು, ಎರಡರ ಮುಂದೆ ದಮ್ಮು, ಮೂರು ಖಾಲಿ, ನಾಲ್ಕರ ಮುಂದೆ ಕಾಲು ಮುರಿತ, ಐದರ ಮುಂದೆ ವಾಂತಿಭೇದಿ. ಆರರ ಮುಂದೆ ಗಲಾಟೆ.

ಗಲಾಟೆ ಎಂಬ ಕಾಯಿಲೆ ಯಾವ ವೈದ್ಯಶಾಸ್ತ್ರದ ಪುಸ್ತಕದಲ್ಲೂ ಇಲ್ಲ. ಅದಕ್ಕೆ ಮಾತ್ರೆ ಇಲ್ಲ, ಪಥ್ಯ ಇಲ್ಲ, ಎಕ್ಸ್‌ರೇ ತೆಗೆದರೆ ಕಾಣುವುದೂ ಇಲ್ಲ. ಆದರೆ ಆ ಮೂರಕ್ಷರ ಹಲಗೆಯ ಮೇಲೆ ಬಿದ್ದರೆ ಸಾಕು, ಮಿಕ್ಕ ಪ್ರಶ್ನೆಗಳೆಲ್ಲ ತಾವಾಗಿಯೇ ಬಾಗಿಲು ಹಾಕಿಕೊಳ್ಳುತ್ತವೆ. ಎದೆನೋವಿನವನ ಹತ್ತಿರ ಡಾಕ್ಟರು ಹೋಗುತ್ತಾರೆ, ಗಲಾಟೆಯವನ ಹತ್ತಿರ ಸೆಕ್ಯುರಿಟಿಯವನು ಹೋಗುತ್ತಾನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಲ್ಲಿ ಕೊಟ್ಟಿಗೆಯ ಬದಲು ಕಬ್ಬಿಣದ ಮಂಚ, ಅಷ್ಟೇ ವ್ಯತ್ಯಾಸ.

ಆರನೇ ಹಾಸಿಗೆಗೆ ಕಟ್ಟಿಹಾಕಿದ್ದು ಎಪ್ಪತ್ತೆರಡು ವರ್ಷದ ಒಬ್ಬ ಮುದುಕನನ್ನು. ಬೆಳಿಗ್ಗೆ ಹತ್ತೂಕಾಲಿಗೆ ಮಗಳು ಆಟೋದಲ್ಲಿ ಕರೆತಂದಾಗ ಅವನು ಕೂಗುತ್ತಿದ್ದ, ಮೈಮೇಲಿನ ಅಂಗಿ ಕಿತ್ತೆಸೆಯುತ್ತಿದ್ದ, ಹಿಡಿಯಲು ಹೋದವರನ್ನೆಲ್ಲ ತಳ್ಳುತ್ತಿದ್ದ. ಮೂರು ಜನ ಸೇರಿ ಮಲಗಿಸಿದರು. ಡ್ಯೂಟಿ ಡಾಕ್ಟರು ಬೆರಳು ಚುಚ್ಚಿ ಸಕ್ಕರೆ ನೋಡಿದರು, ಸರಿಯಾಗಿತ್ತು. ರಕ್ತದೊತ್ತಡ ನೋಡಲು ಪಟ್ಟಿ ಸುತ್ತಿದರು, ಮುದುಕ ಅದನ್ನೂ ಕಿತ್ತ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಎರಡು ಕೈ, ಎರಡು ಕಾಲು ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚದ ಸರಳಿಗೆ ಬಿಗಿದರು. ತೋಳಿಗೆ ಶಾಂತವಾಗುವ ಇಂಜೆಕ್ಷನ್ ಬಿತ್ತು. ಇಷ್ಟರ ನಡುವೆ ಮುದುಕ ತನಗಿದ್ದ ನಾಲ್ಕೇ ಮುಂಬಲ್ಲುಗಳಿಂದ ಸೆಕ್ಯುರಿಟಿಯವನ ಬಲಗೈಯನ್ನು ಕಚ್ಚಿದ್ದೂ ಆಯಿತು.

ಇದನ್ನೆಲ್ಲ ಡ್ರೆಸಿಂಗ್ ಟ್ರಾಲಿಯ ಪಕ್ಕ ನಿಂತು ನೋಡಿದವಳು ಹೊಸ ಸಿಸ್ಟರ್. ಬಂದು ಐದು ತಿಂಗಳಾಗಿತ್ತು, ಇನ್ನೂ ಪ್ರೊಬೇಷನ್. ಅವಳಿಗೆ ಅಲ್ಲಿ ಪಿಸುಮಾತು ಎಂದು ಹೆಸರು. ಅವಳು ಮಾತಾಡಿದರೆ ಕೇಳಲು ಕಿವಿಯನ್ನು ಅವಳ ಬಾಯಿಯ ಹತ್ತಿರ ಸಾಲ ಕೊಡಬೇಕು ಎಂದು ಇನ್‌ಚಾರ್ಜ್ ಸಿಸ್ಟರ್ ಮೊದಲ ವಾರವೇ ಹೇಳಿದ್ದರು. ಹೆಸರು ಅಂಟಿಕೊಂಡಿತು. ಪಿಸುಮಾತಿಗೂ ಅದರ ಬಗ್ಗೆ ತಕರಾರಿರಲಿಲ್ಲ. ತಕರಾರು ಮಾಡಬೇಕಾದರೆ ಬಾಯಿ ಬಿಡಬೇಕಲ್ಲ.

ಇಂಜೆಕ್ಷನ್ನಿಗೆ ಮುದುಕ ಶಾಂತನಾಗಲಿಲ್ಲ. ಕಣ್ಣು ಮಂಪರಾಯಿತು, ನಾಲಿಗೆ ತೊದಲಿತು, ಆದರೆ ಮೈ ಮಾತ್ರ ಗಾಳಕ್ಕೆ ಸಿಕ್ಕ ಮೀನಿನಂತೆ ಎಗರುತ್ತಲೇ ಇತ್ತು. ಕಾಲು ಮಡಿಸಲು ನೋಡುತ್ತಿದ್ದ, ಕಟ್ಟು ಎಳೆಯುತ್ತಿತ್ತು.

"ಬಿಡ್ರೋ... ಹೋಗ್ಬೇಕು ನಾನು... ಹೋಗ್ಬೇಕು!"

"ಎಲ್ರೂ ಹೋಗ್ಬೇಕು ಅಜ್ಜ," ಎಂದ ಸೆಕ್ಯುರಿಟಿಯವನು, ಕೈಗೆ ತಾನೇ ಬ್ಯಾಂಡೇಜ್ ಸುತ್ತಿಕೊಳ್ಳುತ್ತ. ದಪ್ಪ ಮೀಸೆಯ ಆಳು. ಎಲ್ಲರೂ ಕರೆಯುತ್ತಿದ್ದದ್ದೂ ಮೀಸೆ ಎಂದೇ. "ನಾನೂ ಹೋಗ್ಬೇಕು ಮನೆಗೆ. ಯಾರು ಬಿಡ್ತಾರೆ? ಪಾಳಿ ಮುಗೀಬೇಕಲ್ಲ."

"ಹೋಲ್ಡಾನ್!" ಎಂದು ಮುದುಕ ಅರಚಿದ. "ಹೋಲ್ಡಾನ್, ಹೋಲ್ಡಾನ್!"

"ಕೇಳಿದ್ರಾ, ಇಂಗ್ಲಿಷು!" ಮೀಸೆ ನಕ್ಕ. ಐದನೇ ಹಾಸಿಗೆಯ ವಾಂತಿಭೇದಿಯವನೂ ತನ್ನ ಕಷ್ಟ ಮರೆತು ನಕ್ಕ.

ಹನ್ನೆರಡು ದಾಟಿತು. ಕೂಗು ನಿಲ್ಲಲಿಲ್ಲ. ಅಷ್ಟರಲ್ಲಿ ಅಪಘಾತದ ಇಬ್ಬರು ಬಂದರು, ಒಂದು ಮಗುವಿಗೆ ಫಿಟ್ಸ್ ಬಂತು, ಡ್ಯೂಟಿ ಡಾಕ್ಟರಿಗೆ ಒಂದು ಲೋಟ ನೀರು ಕುಡಿಯಲೂ ಪುರುಸೊತ್ತಿರಲಿಲ್ಲ. ವಯಸ್ಸು ಮೂವತ್ತೂ ದಾಟದ ಹುಡುಗ, ಹಿಂದಿನ ದಿನದಿಂದ ನಿಂತೇ ಇದ್ದ. ಇನ್‌ಚಾರ್ಜ್ ಸಿಸ್ಟರ್ ಅವನ ಬಳಿ ಬಂದು ಹೇಳಿದರು:

"ಡಾಕ್ಟ್ರೇ, ಆರನೇದು ಹೀಗೆ ಇದ್ರೆ ಮಿಕ್ಕವರ ಬಿಪಿ ಎಲ್ಲ ಏರುತ್ತೆ. ಮಾನಸಿಕ ಆಸ್ಪತ್ರೆಗೆ ಬರೆದುಕೊಡಿ. ಎರಡು ಗಂಟೆಗೆ ಗಾಡಿ ಇದೆ, ಫೋನ್ ಮಾಡಿದೀನಿ."

"ಇನ್ನೊಂದು ಡೋಸ್ ಕೊಟ್ಟು ಕಳ್ಸಿ. ದಾರೀಲಿ ಗಾಡಿ ಒಳಗೆ ಗಲಾಟೆ ಮಾಡ್ಬಾರ್ದು," ಎಂದು ಅವನು ಬಗ್ಗಿದ ತಲೆ ಎತ್ತದೆ ಪತ್ರ ಬರೆದ. ವಿಪರೀತ ಉದ್ರೇಕ, ಹಿಂಸಾತ್ಮಕ ವರ್ತನೆ, ಸಿಬ್ಬಂದಿಯನ್ನು ಕಚ್ಚಿದ್ದಾರೆ. ಕೆಳಗೆ ಸಹಿ, ಮೊಹರು.

ಆ ಕಾಗದವನ್ನು ಪಿಸುಮಾತು ಓದಿದಳು. ಆ ಆಸ್ಪತ್ರೆ ಇರುವುದು ಮೂರು ಗಂಟೆಯ ದಾರಿ. ಮುದುಕ ಕೈಕಾಲು ಕಟ್ಟಿಸಿಕೊಂಡು, ಮತ್ತಿನಲ್ಲಿ, ಈ ಕಾಗದವನ್ನು ಎದೆಯ ಮೇಲಿಟ್ಟುಕೊಂಡು ಅಲ್ಲಿಗೆ ಹೋಗುತ್ತಾನೆ. ಅಲ್ಲಿಯವರೂ ಮೊದಲು ಓದುವುದು ಕಾಗದವನ್ನೇ. ಆಮೇಲೆ ಅವನು ಏನು ಹೇಳಿದರೂ ಅದು ಹುಚ್ಚನ ಮಾತು. ದಾರಿಯಲ್ಲಿ ಉಸಿರು ನಿಂತರೆ ಅದನ್ನು ಕೇಳುವವರೂ ಇರುವುದಿಲ್ಲ.

"ಏನೇ, ನಿದ್ದೆ ಬಂತಾ? ಆ ಎರಡನೇ ಇಂಜೆಕ್ಷನ್ ತುಂಬು," ಎಂದರು ಇನ್‌ಚಾರ್ಜ್.

ಪಿಸುಮಾತು ತುಂಬಿದಳು. ಸಿರಿಂಜನ್ನು ತಟ್ಟೆಯಲ್ಲಿಟ್ಟಳು. ಮತ್ತೆ, ಯಾಕೆ ಎಂದು ತನಗೇ ತಿಳಿಯದೆ, "ಅಲರ್ಜಿ ಏನಾದ್ರೂ ಇದ್ಯಾ ಅಂತ ಮನೆಯವರನ್ನ ಕೇಳ್ಬಿಟ್ಟು ಬರ್ತೀನಿ," ಎಂದಳು. ಇನ್‌ಚಾರ್ಜಿಗೆ ಕೇಳಿಸಲಿಲ್ಲ. ಅವಳು ಹೊರಟೇಬಿಟ್ಟಳು.

ಗಾಜಿನ ಬಾಗಿಲಿನ ಆಚೆ, ರೋಗಿಯ ಕಡೆಯವರು ಒಳಗೆ ಬರಬಾರದು ಎಂಬ ಹಲಗೆಯ ಕೆಳಗೇ ಮಗಳು ನಿಂತಿದ್ದಳು. ಶಾಲೆಯ ಸಮವಸ್ತ್ರ ಹೊಲಿಯುವ ಕಡೆ ಕೆಲಸ. ಕತ್ತಿನ ಮೇಲೆ ಅಳತೆಯ ಟೇಪು ಹಾಗೇ ಇತ್ತು, ತೆಗೆಯುವುದನ್ನು ಮರೆತಿದ್ದಳು.

"ಸಿಸ್ಟರ್, ನಮ್ಮಪ್ಪ ಕೂಗೋದು ಇಲ್ಲಿಗೆ ಕೇಳಿಸ್ತಿದೆ. ಏನ್ ಮಾಡ್ತಿದೀರಾ ಅವರಿಗೆ?"

"ಅವರು... ಕುಡೀತಾರಾ?"

"ಕುಡಿಯೋದಾ!" ಮಗಳು ಅಳುವ ನಡುವೆಯೇ ಸಿಡಿದಳು. "ಹೋಟ್ಲಲ್ಲಿ ಸೋಡಾ ಕುಡಿಯೋಕೂ ಆ ಕಡೆ ಈ ಕಡೆ ನೋಡೋ ಮನುಷ್ಯ ಅವರು. ಬಂದಾಗ ಇದೇ ಪ್ರಶ್ನೆ, ಆಮೇಲೂ ಇದೇ ಪ್ರಶ್ನೆ. ಇಲ್ಲ ಅಂದ್ರೆ ನಂಬಲ್ಲ. ನಾನು ಏನೇನೋ ಹೇಳಕ್ಕೆ ಬಂದೆ, ಮೂರು ಸಲ 'ಆಚೆ ನಿಂತ್ಕೊಳ್ಳಮ್ಮ' ಅಂದ್ರು."

"ಈಗ ಹೇಳಿ."

ಹೀಗೆ ಯಾರಾದರೂ ಕೇಳುತ್ತಾರೆಂದು ಮಗಳು ಅಂದುಕೊಂಡಿರಲಿಲ್ಲ.

"ಮೂರು ದಿನದಿಂದ ನೆಗಡಿ. ಮೆಡಿಕಲ್ ಶಾಪಿನಿಂದ ನಾನೇ ಮಾತ್ರೆ ತಂದುಕೊಟ್ಟೆ. ನೆನ್ನೆ ಸಾಯಂಕಾಲದಿಂದ ಮನೆಯೊಳಗೇ ಅಲ್ಲಿಂದಿಲ್ಲಿಗೆ ಓಡಾಟ. ಏನಪ್ಪಾ ಅಂದ್ರೆ ಏನಿಲ್ಲ ಕಣಮ್ಮ ಅಂದ್ರು. ಅವರ ಕಷ್ಟ ನನ್ನ ಹತ್ರ ಹೇಳಲ್ಲ, ಸಂಕೋಚ. ಅಮ್ಮ ಇದ್ದಿದ್ರೆ ಹೇಳ್ತಿದ್ರೇನೋ. ಬೆಳಿಗ್ಗೆ ನೋಡಿದ್ರೆ ನನ್ನನ್ನೇ ಗುರುತು ಹಿಡೀಲಿಲ್ಲ."

"ಹೋಲ್ಡಾನ್ ಅಂತ ಕೂಗ್ತಾರಲ್ಲ, ಅದೇನು?"

"ಅಯ್ಯೋ, ಅದು ಬಸ್ಸಿಂದು! ಮೂವತ್ತಾರು ವರ್ಷ ಕಂಡಕ್ಟರ್ ಆಗಿದ್ರು. ಬಸ್ ನಿಲ್ಸೋಕೆ ಹೋಲ್ಡಾನ್, ಬಿಡೋಕೆ ರೈಟ್ ರೈಟ್. ಈಗಲೂ ನಿದ್ದೆಗಣ್ಣಲ್ಲಿ ಅದೇ. ಮಗ್ಗುಲು ಬದಲಾಯಿಸಿದ್ರೆ ಸಾಕು, 'ಎಲ್ಲಿಗೆ? ನಿಮ್ಮದೆಲ್ಲಿಗೆ?' ಅಂತ ಕೇಳ್ತಾನೇ ಇರ್ತಾರೆ."

ಪಿಸುಮಾತು ನಿಂತಲ್ಲೇ ನಿಂತಳು. ಎರಡೂವರೆ ಗಂಟೆಯಿಂದ ಆ ಮನುಷ್ಯ ಹೋಗಬೇಕು, ಹೋಗಬೇಕು ಎಂದು ಕೂಗುತ್ತಿದ್ದಾನೆ. ಬದುಕಿಡೀ ಕಂಡಕಂಡವರನ್ನು ಎಲ್ಲಿಗೆ ಎಂದು ಕೇಳಿದವನನ್ನು ಇಲ್ಲಿ ಒಬ್ಬರೂ ಎಲ್ಲಿಗೆ ಎಂದು ಕೇಳಲಿಲ್ಲ. ಅವಳೂ ಕೇಳಲಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹೋದ ಕೆಲಸ ಆಗುವುದಿಲ್ಲ ಎಂದು ಅವಳ ಅಜ್ಜಿ ಚಿಕ್ಕಂದಿನಲ್ಲಿ ಗದರಿ ಕಲಿಸಿದ್ದಳು. ಆದರೆ ಈ ಮನುಷ್ಯನನ್ನು ಹೊರಡಲು ಬಿಟ್ಟವರು ಯಾರು?

ಒಳಗೆ ಬಂದಳು. ಆರನೇ ಹಾಸಿಗೆಯ ಪಕ್ಕ ಬಗ್ಗಿ, ಮುದುಕನ ಕಿವಿಗೆ ಬಾಯಿಟ್ಟು ಕೇಳಿದಳು:

"ಎಲ್ಲಿಗೆ?"

ಮುದುಕನ ತಲೆ ಆಡುವುದು ನಿಂತಿತು.

"ನಿಮ್ಮದು ಎಲ್ಲಿಗೆ, ಅಜ್ಜ? ಎಲ್ಲಿಗೆ ಹೋಗ್ಬೇಕು?"

ಒಣಗಿದ ತುಟಿ ಅಲುಗಿತು. ಮಂಪರು ತುಂಬಿದ ಕಣ್ಣು ಅವಳ ಕಡೆ ತಿರುಗಿತು, ಕೂಡಲೇ ನಾಚಿಕೊಂಡು ಬೇರೆ ಕಡೆ ನೋಡಿತು.

"ಒಂದಕ್ಕೆ," ಎಂದ, ಮೇಷ್ಟರ ಮುಂದೆ ನಿಂತ ಮಗುವಿನಂತೆ. "ಒಂದಕ್ಕೆ, ತಾಯಿ. ನೆನ್ನೆಯಿಂದ... ಬರ್ತಾನೇ ಇಲ್ಲ."

ಪಿಸುಮಾತು ಹೊದಿಕೆ ಸರಿಸಿ ಹೊಕ್ಕುಳ ಕೆಳಗೆ ಕೈಯಿಟ್ಟಳು. ಮೆತ್ತಗಿರಬೇಕಾದ ಜಾಗ ಗಾಳಿ ಬಿಗಿದ ಚೆಂಡಿನಷ್ಟು ಗಟ್ಟಿಯಾಗಿ ಉಬ್ಬಿತ್ತು. ಕೈ ತಾಗಿದ್ದೇ ತಡ ಮುದುಕ ಚೀರಿದ.

ವಯಸ್ಸಾದ ಗಂಡಸರಲ್ಲಿ ನೆಗಡಿಯ ಮಾತ್ರೆ ಮೂತ್ರ ಕಟ್ಟುತ್ತದೆ, ಮೂತ್ರ ಕಟ್ಟಿದರೆ ಕೆಲವರಿಗೆ ತಲೆಯೇ ಕೆಡುತ್ತದೆ ಎಂದು ಅವಳು ಎರಡನೇ ವರ್ಷದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತಿದ್ದಳು. ಈಗ ಎಲ್ಲ ಒಟ್ಟಿಗೆ ನೆನಪಾಯಿತು. ಅಷ್ಟೇ ಅಲ್ಲ, ಹತ್ತೂ ನಲವತ್ತಕ್ಕೆ ಕೊಟ್ಟ ಇಂಜೆಕ್ಷನ್ನಿನಲ್ಲಿದ್ದ ಎರಡು ಔಷಧಿಯಲ್ಲಿ ಒಂದು ಆ ನೆಗಡಿ ಮಾತ್ರೆಯ ದೊಡ್ಡಣ್ಣ. ಬಾಗಿಲು ಮುಚ್ಚಿದೆ ಎಂದು ಬಡಿಯುತ್ತಿದ್ದವನಿಗೆ ಆಸ್ಪತ್ರೆ ಇನ್ನೊಂದು ಬೀಗ ಹಾಕಿತ್ತು. ತಟ್ಟೆಯಲ್ಲಿ ಎರಡನೇ ಬೀಗ ಕಾಯುತ್ತಿತ್ತು.

"ಡಾಕ್ಟ್ರೇ," ಎಂದಳು. ಡಾಕ್ಟರು ಫೋನಿನಲ್ಲಿದ್ದ, ಕೈಯೆತ್ತಿ ಆಮೇಲೆ ಎಂದ.

"ಇಂಜೆಕ್ಷನ್ ಆಯ್ತೇನೆ?" ಇನ್‌ಚಾರ್ಜ್ ಸಿಸ್ಟರ್ ಬಂದರು. "ಗಾಡಿ ಬರೋ ಹೊತ್ತಾಯ್ತು."

"ಕೊಡಲ್ಲ ಸಿಸ್ಟರ್."

"ಏನಂದೆ?"

"ಇವರಿಗೆ ಮೂತ್ರ ಕಟ್ಟಿದೆ. ಮೊದ್ಲು ಡಾಕ್ಟ್ರು ಹೊಟ್ಟೆ ಮುಟ್ಟಿ ನೋಡ್ಲಿ."

"ಹೊಟ್ಟೆ ಮುಟ್ಟಿದ್ರೆ ತಲೆ ಸರಿಹೋಗುತ್ತಾ? ಬಾಯಿ ಇಲ್ಲದೋಳು ಅಂದ್ಕೊಂಡಿದ್ದೆ, ಇವತ್ತು ಡಾಕ್ಟರೇ ಆಗ್ಬಿಟ್ಟೆ! ತಾ ಇಲ್ಲಿ, ನಾನೇ ಕೊಡ್ತೀನಿ."

ಪಿಸುಮಾತು ತಟ್ಟೆಯಲ್ಲಿದ್ದ ಸಿರಿಂಜನ್ನು ತೆಗೆದು ಔಷಧಿಯನ್ನು ಸಿಂಕಿನೊಳಗೆ ಒತ್ತಿಬಿಟ್ಟಳು. ಇಡೀ ವಿಭಾಗ ನೋಡುತ್ತಿತ್ತು. ಆಮೇಲೆ ಅವಳು ನೇರವಾಗಿ ಹೋಗಿ, ಫೋನಿನಲ್ಲಿದ್ದ ಡಾಕ್ಟರ ಎಡಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ಎಳೆದುತಂದು, ಮುದುಕನ ಹೊಟ್ಟೆಯ ಮೇಲಿಟ್ಟಳು. ಹೇಗೆ ಮಾಡಿದಳೋ ಅವಳಿಗೇ ಗೊತ್ತಿಲ್ಲ. ಬಾಯಿ ಬರದವರಿಗೆ ಕೆಲವು ಸಲ ಕೈ ಬರುತ್ತದೆ.

"ಏನ್ರೀ ಇದು, ಮರ್ಯಾದೆ..." ಎಂದು ಶುರುಮಾಡಿದವನ ಮಾತು ಅರ್ಧಕ್ಕೇ ನಿಂತಿತು. ಬೆರಳುಗಳು ಇನ್ನೊಮ್ಮೆ ಒತ್ತಿ ನೋಡಿದವು. ಅವನ ಮುಖದ ಬಣ್ಣ ಇಳಿಯಿತು. ಫೋನು ಕಿಸೆಗೆ ಹೋಯಿತು.

"ಕ್ಯಾತೆಟರ್ ತನ್ನಿ," ಎಂದ. "ಬೇಗ."

ನಳಿಕೆ ಹಾಕಿ ಅದರ ಇನ್ನೊಂದು ತುದಿಯನ್ನು ಚೀಲಕ್ಕೆ ಸೇರಿಸಿದ್ದೇ, ಹರಿಯತೊಡಗಿತು. ಐನೂರು ಮಿಲಿ. ಎಂಟುನೂರು. ಸಾವಿರ ದಾಟಿತು. ಸಾವಿರದ ನಾನ್ನೂರಕ್ಕೆ ನಿಂತಿತು. ಚೀಲ ತುಂಬುತ್ತ ತುಂಬುತ್ತ ಮುದುಕನ ಮುಷ್ಟಿ ಬಿಚ್ಚಿತು, ಹಲ್ಲು ಕಚ್ಚಿದ್ದ ದವಡೆ ಸಡಿಲವಾಯಿತು. "ರೈಟ್," ಎಂದ ಒಂದು ಸಲ, ತುಂಬಾ ಮೆಲ್ಲಗೆ. "ರೈಟ್, ರೈಟ್." ಹಾಗೇ ನಿದ್ದೆಹೋದ.

ಈ ಸಲ ಯಾರೂ ನಗಲಿಲ್ಲ.

ಪಿಸುಮಾತು ಕಟ್ಟು ಬಿಚ್ಚಿದಳು. ಬಟ್ಟೆ ಬಿಗಿದಿದ್ದ ಕಡೆ ಮಣಿಕಟ್ಟು ಕೆಂಪಗೆ, ಅಲ್ಲಲ್ಲಿ ಚರ್ಮ ಸುಲಿದು, ಬಳೆ ತೊಡಿಸಿದ ಹಾಗಿತ್ತು. ಕಟ್ಟಿಹಾಕಿದವರನ್ನು ಕಾಲುಗಂಟೆಗೊಮ್ಮೆ ನೋಡಬೇಕೆಂಬ ನಿಯಮ ಆ ಆಸ್ಪತ್ರೆಯಲ್ಲೂ ಇತ್ತು. ಅದಕ್ಕೊಂದು ಅಚ್ಚಾದ ಹಾಳೆಯೂ ಇತ್ತು: ಕೈಬೆರಳ ಬಣ್ಣ ನೋಡಿದೆಯೇ, ನೀರು ಕೊಟ್ಟೆಯೇ, ಮೂತ್ರಕ್ಕೆ ಕೇಳಿದೆಯೇ. ಆ ಹಾಳೆ ಮಂಚದ ಕಾಲಿನ ಕಡೆ ನೇತಾಡುತ್ತಿತ್ತು. ಹತ್ತೂವರೆಯಿಂದ ಸಂಜೆ ನಾಲ್ಕರವರೆಗೆ ಎಲ್ಲ ಮನೆಗಳಲ್ಲೂ ಸರಿ ಗುರುತು ಬಿದ್ದಿತ್ತು. ಗಂಟೆ ಇನ್ನೂ ಒಂದೂಕಾಲು! ಮೂತ್ರಕ್ಕೆ ಕೇಳಿದೆಯೇ: ಸರಿ, ಸರಿ, ಸರಿ, ಸರಿ. ಒಂದೇ ಪೆನ್ನು, ಒಂದೇ ಓಟ, ಸಾಲಾಗಿ ಹಾರುವ ಹಕ್ಕಿಗಳ ಹಾಗೆ.

ಆ ಕೈ ಅವಳದೇ. "ಒಟ್ಟಿಗೇ ಹಾಕಿಟ್ಬಿಡು, ಆಮೇಲೆ ಯಾರು ನೆನಪಿಟ್ಕೋತಾರೆ," ಎಂದು ಇನ್‌ಚಾರ್ಜ್ ಹೇಳಿದ್ದರು, ಎಲ್ಲರೂ ಹಾಗೇ ಮಾಡುತ್ತಿದ್ದರು, ಅವಳೂ ಹಾಕಿದ್ದಳು. ಮೂತ್ರದ ಸಾಲೊಂದರಲ್ಲೇ ಇಪ್ಪತ್ತಮೂರು ಸುಳ್ಳುಗಳನ್ನು ಅವಳು ಅರ್ಧ ನಿಮಿಷದಲ್ಲಿ ಹೇಳಿದ್ದಳು, ಬಾಯಿಯನ್ನೇ ತೆರೆಯದೆ.

ಸಿಟ್ಟು ಬಂತು. ಮೊದಲು ತನ್ನ ಮೇಲೆ. ಆಮೇಲೆ ಆ ಹಾಳೆಯ ಮೇಲೆ, ಹಲಗೆಯ ಮೇಲೆ, ಗಾಜಿನ ಬಾಗಿಲಿನ ಮೇಲೆ. ಹೆದರಿಕೆ ಇತ್ತು, ಅದು ಸುಳ್ಳಲ್ಲ. ಹೋದ ತಿಂಗಳಷ್ಟೇ ಒಬ್ಬ ಕುಡುಕ ಕಾಂಪೌಂಡರನ ಮೂಗು ಒಡೆದಿದ್ದ. ಹೆದರಿದವರು ಕಟ್ಟುತ್ತಾರೆ, ಅದನ್ನೂ ಒಪ್ಪೋಣ. ಆದರೆ ಕಟ್ಟಿದ ಮೇಲೆ ಎರಡೂವರೆ ಗಂಟೆ ಒಬ್ಬರೂ ಹತ್ತಿರ ಹೋಗದಿದ್ದುದಕ್ಕೆ ಯಾವ ಹೆದರಿಕೆ?

ಎರಡು ಗಂಟೆಗೆ ಗಾಡಿ ಬಂತು. ಡಾಕ್ಟರು ಅದನ್ನು ವಾಪಸು ಕಳಿಸಿದ. ಕಾಗದವನ್ನು ಮಾತ್ರ ಹರಿಯಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಅದನ್ನು ಕೇಸ್‌ಶೀಟಿನೊಳಗೆ ಇಟ್ಟುಕೊಂಡರು. ಕೇಸ್‌ಶೀಟಿನಲ್ಲಿ ಆಗಲೇ ಹೊಸದೊಂದು ಸಾಲು ಬಿದ್ದಿತ್ತು: ಇಂಜೆಕ್ಷನ್ ನಂತರ ರೋಗಿ ಶಾಂತ.

"ಇಂಜೆಕ್ಷನ್ನಿಂದ ಅಲ್ಲ ಡಾಕ್ಟ್ರೇ," ಎಂದಳು ಪಿಸುಮಾತು.

ಅವನು ಮುಂದಿನ ರೋಗಿಯ ಕಡೆ ನಡೆದ. ಇನ್‌ಚಾರ್ಜ್ ಅವಳನ್ನು ಔಷಧಿ ಬೀರುವಿನ ಮರೆಗೆ ಕರೆದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮಗಳಿಗೆ ಬುದ್ಧಿ ಹೇಳುವ ತಾಯಿಯ ದನಿಯಲ್ಲಿ ಮಾತಾಡಿದರು.

"ನೋಡು ಮರಿ, ನೀನು ಮಾಡಿದ್ದು ಒಳ್ಳೇದೇ. ಯಾರು ಇಲ್ಲ ಅಂದ್ರು? ಆದ್ರೆ ಗಲಾಟೆ ಇರ್ಲಿಲ್ಲ ಅಂತ ಬರೆದ್ರೆ, ಮತ್ತೆ ಕಟ್ಟಿದ್ದು ಯಾಕೆ ಅಂತ ಕೇಳ್ತಾರೆ. ಇಂಜೆಕ್ಷನ್ ಯಾಕೆ ಅಂತ ಕೇಳ್ತಾರೆ. ಅದಕ್ಕೇ ಗಲಾಟೆ ಇರ್ಲಿ. ಮೀಸೆ ಕೈ ಕಚ್ಚಿರೋದಂತೂ ನಿಜ ತಾನೆ? ಆ ಹೆಂಗಸಿನ ಹತ್ರ ಒಂದು ಕ್ಷಮಾಪಣೆ ಪತ್ರ ಬರೆಸ್ಕೊಂಡ್ರೆ ಎಲ್ಲರಿಗೂ ಕ್ಷೇಮ. ನಮಗೂ, ಅವರಿಗೂ. ನಿನಗೂ."

"ನನಗೂ?"

"ಮುಂದಿನ ತಿಂಗಳು ನಿನ್ನ ಪ್ರೊಬೇಷನ್ ರಿಪೋರ್ಟ್ ಬರೆಯೋದು ನಾನೇ ಅಲ್ವೇನೇ?"

ಹಾಗಾದರೆ ಲೆಕ್ಕ ಇದು. ಮುದುಕನ ಗಲಾಟೆ ಮುದುಕನಿಗೆ ಬೇಕಾಗಿಲ್ಲ, ಆಸ್ಪತ್ರೆಗೆ ಬೇಕಾಗಿದೆ. ಕಟ್ಟಿದ್ದಕ್ಕೆ ಕಾರಣ ಬೇಕು, ಕಾರಣಕ್ಕೆ ಒಬ್ಬ ಹುಚ್ಚ ಬೇಕು; ಇಲ್ಲದಿದ್ದರೆ ಒಬ್ಬನನ್ನು ಮಾಡಿಕೊಳ್ಳಬೇಕು. ನಾಳೆ ಅದೇ ಮನುಷ್ಯ ಜ್ವರ ಎಂದು ಬಂದರೂ ಹಳೇ ಕಾಗದ ತೆಗೆಯುತ್ತಾರೆ, ಓಹೋ, ಕಚ್ಚುವವನು ಎನ್ನುತ್ತಾರೆ, ಬ್ಯಾಂಡೇಜ್ ಬಟ್ಟೆಯನ್ನು ಮೊದಲೇ ಸಿದ್ಧ ಮಾಡಿಕೊಳ್ಳುತ್ತಾರೆ.

ಪಿಸುಮಾತಿನ ಪಾಳಿ ಎರಡಕ್ಕೇ ಮುಗಿದಿತ್ತು. ಅವಳು ಹೋಗಲಿಲ್ಲ.

ಮೂರೂವರೆ ಹೊತ್ತಿಗೆ ಮುದುಕ ಎಚ್ಚರಾದ. ಕಣ್ಣು ತಿಳಿಯಾಗಿತ್ತು. ಸುತ್ತ ನೋಡಿದ, ಪಕ್ಕದ ಸ್ಟೂಲಿನ ಮೇಲೆ ಕೂತ ಮಗಳನ್ನು ಗುರುತಿಸಿದ. ಈಗ ಅವಳನ್ನು ಒಳಗೆ ಬಿಟ್ಟಿದ್ದರು. ಕ್ಷಮಾಪಣೆ ಬರೆಸಿಕೊಳ್ಳಬೇಕಲ್ಲ, ರೋಗಿಯ ಕಡೆಯವರು ಒಳಗೆ ಬರಬಾರದು ಎಂಬುದು ಅದಕ್ಕೆ ಅನ್ವಯಿಸುವುದಿಲ್ಲ. ಅವಳ ತೊಡೆಯ ಮೇಲೆ ಬಿಳಿ ಹಾಳೆ, ಕೈಯಲ್ಲಿ ಪೆನ್ನು. ಇನ್‌ಚಾರ್ಜ್ ಸಿಸ್ಟರ್ ಪಕ್ಕ ನಿಂತು ಹೇಳಿಸುತ್ತಿದ್ದರು.

"ಬರೀರಿ. ನನ್ನ ತಂದೆಯವರು ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದ್ದಕ್ಕಾಗಿ..."

"ಹಲ್ಲೆಗೆ ಒಂದು ಲ ಒತ್ತಾ?" ಎಂದು ಕೇಳಿದಳು ಮಗಳು. ಅವಳ ದನಿ ಸತ್ತಿತ್ತು. ಅಪ್ಪ ಬದುಕಿದ್ದಾನೆ, ಇನ್ನು ಏನು ಬರೆಯೆಂದರೂ ಬರೆಯುವ ಸ್ಥಿತಿಯಲ್ಲಿದ್ದಳು.

"ಏನಮ್ಮ ಅದು?" ಮುದುಕ ಕೇಳಿದ. "ಏನಾಯ್ತು? ಇಲ್ಲಿಗೆ ಯಾವಾಗ ಬಂದೆ ನಾನು?"

ಮಗಳು ಹಾಳೆಯ ಮೇಲೆ ಕೈ ಮುಚ್ಚಿದಳು. ಇನ್‌ಚಾರ್ಜೇ ಹೇಳಿದರು: "ಬೆಳಿಗ್ಗೆ ತುಂಬಾ ಗಲಾಟೆ ಮಾಡಿದ್ರಿ ಯಜಮಾನ್ರೇ. ನೋಡಿ, ನಮ್ಮವನ ಕೈ ಕಚ್ಚಿದೀರ."

ಮುದುಕ ಬಾಗಿಲ ಬಳಿ ನಿಂತ ಮೀಸೆಯ ಕೈಯ ಬ್ಯಾಂಡೇಜ್ ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಕುಗ್ಗಿತು. ಕಷ್ಟಪಟ್ಟು ಎದ್ದು ಕೂತು ಎರಡೂ ಕೈ ಜೋಡಿಸಿದ. ಸುಲಿದ ಮಣಿಕಟ್ಟುಗಳು ಒಂದರ ಪಕ್ಕ ಒಂದು ಬಂದವು.

"ತಪ್ಪಾಯ್ತಪ್ಪ," ಎಂದ. "ಜನದ ಜೊತೆ ಅಷ್ಟು ವರ್ಷ ಕೆಲ್ಸ ಮಾಡ್ದೆ, ಒಬ್ಬರ ಮೈ ಮುಟ್ಟಿದವನಲ್ಲ. ನನಗೆ ಏನೂ ನೆನಪಿಲ್ಲ. ದೊಡ್ಡ ಮನಸ್ಸು ಮಾಡಿ ಎಲ್ಲರೂ ಕ್ಷಮಿಸ್ಬಿಡಿ. ಸೈನ್ ನಾನೇ ಹಾಕ್ತೀನಿ, ಮಗಳು ಯಾಕೆ?"

ಪಿಸುಮಾತು ಸ್ಟೂಲಿನ ಬಳಿ ಬಂದಳು. ಎರಡೂವರೆ ಗಂಟೆ ಸಾಯುವ ನೋವಿನಲ್ಲಿ ಒಂದೇ ಒಂದು ಮಾತನ್ನು ಸಾವಿರ ಸಲ ಹೇಳಿ, ಅದನ್ನು ಕೇಳದವರ ಮುಂದೆ ಈ ಮನುಷ್ಯ ಕೈಮುಗಿಯುತ್ತಿದ್ದಾನೆ! ಅವರು ಮುಗಿಸಿಕೊಳ್ಳುತ್ತಿದ್ದಾರೆ!

ಅವಳು ಮಗಳ ತೊಡೆಯ ಮೇಲಿನ ಹಾಳೆ ತೆಗೆದುಕೊಂಡಳು. ಪೆನ್ನನ್ನೂ ತೆಗೆದುಕೊಂಡಳು. ಬರೆದಿದ್ದ ಒಂದೂವರೆ ಸಾಲಿಗೆ ಅಡ್ಡಗೀಟು ಹಾಕಿ, ಮಂಚದ ಅಂಚಿನ ಮೇಲಿಟ್ಟು ಬರೆಯಲು ಶುರುಮಾಡಿದಳು.

"ಏನೇ ಮಾಡ್ತಿದೀಯ?"

"ಕ್ಷಮಾಪಣೆ ಪತ್ರ, ಸಿಸ್ಟರ್. ನೀವೇ ಬೇಕು ಅಂದ್ರಲ್ಲ."

ಬರೆಯುತ್ತಲೇ ಓದಿದಳು. ದನಿ ಏರಲಿಲ್ಲ, ಏರಿಸಲು ಅವಳಿಗೆ ಬರುತ್ತಲೂ ಇರಲಿಲ್ಲ. ಐದನೇ ಹಾಸಿಗೆಯವನು ಕೇಳಿಸಿಕೊಳ್ಳಲು ಮೊಣಕೈ ಊರಿ ಎದ್ದ.

"ಇವತ್ತು ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆವರೆಗೆ ನಿಮ್ಮನ್ನು ಕಟ್ಟಿಹಾಕಿದ್ದೆವು. ಹೋಗಬೇಕು ಎಂದು ನೀವು ಕೂಗಿದಿರಿ. ಎಲ್ಲಿಗೆ ಎಂದು ನಾವು ಕೇಳಲಿಲ್ಲ. ಕೇಳಿದೆವು ಎಂದು ಹಾಳೆಯಲ್ಲಿ ಇಪ್ಪತ್ತಮೂರು ಸಲ ಗುರುತು ಹಾಕಿದ್ದೇವೆ, ಹಾಕಿದ್ದು ನಾನು. ನಿಮ್ಮ ಮಗಳು ಮೂರು ಸಲ ಹೇಳಲು ಬಂದರು, ಮೂರು ಸಲವೂ ಹೊರಗೆ ಕಳಿಸಿದೆವು. ಕಟ್ಟಿದ್ದ ಮೂತ್ರವನ್ನು ಇನ್ನಷ್ಟು ಕಟ್ಟುವ ಔಷಧಿ ಕೊಟ್ಟೆವು. ಸಾವಿರದ ನಾನ್ನೂರು ಮಿಲಿ ಹೊರಬಂದ ಮೇಲೆ ನೀವು ಶಾಂತರಾದಿರಿ, ಅದಕ್ಕೆ ಮುಂಚೆ ಅಲ್ಲ. ನೀವು ಕಚ್ಚಿದ್ದು ನಿಜ. ಬೇರೆ ದಾರಿಯನ್ನು ನಾವು ಬಿಟ್ಟಿರಲಿಲ್ಲ. ಕ್ಷಮಿಸಿ."

ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು, ಆ ವಿಭಾಗದಲ್ಲಿ ಯಾರೂ ಕರೆಯದ ಹೆಸರು. ದಿನಾಂಕ, ಗಂಟೆ.

"ಹುಚ್ಚು ಹಿಡಿದಿರೋದು ನಿನಗೆ!" ಇನ್‌ಚಾರ್ಜ್ ಸಿಸ್ಟರ್ ಕಿರುಚಿದರು. "ಇದರ ಅರ್ಥ ಗೊತ್ತೇನೇ? ಇಡೀ ಡಿಪಾರ್ಟ್‌ಮೆಂಟಿಗೆ ಮಸಿ ಬಳೀತಿದೀಯ! ಏಯ್ ಮೀಸೆ, ಆ ಕಾಗದ ಇಸ್ಕೋ ಅವಳ ಕೈಯಿಂದ!"

ಮೀಸೆ ಬಂದ. ಕಾಗದ ಇಸಿದುಕೊಂಡ. ಎರಡು ಸಲ ಓದಿದ, ತುಟಿ ಅಲುಗಿಸುತ್ತ, ಬೆರಳಿಟ್ಟುಕೊಂಡು. ಆಮೇಲೆ ಪಿಸುಮಾತಿನ ಕಡೆ ಕೈಚಾಚಿದ.

"ಪೆನ್ ಕೊಡಿ ಸಿಸ್ಟರಮ್ಮ."

"ನಿನಗೇನೋ ಬಂತು ರೋಗ?" ಎಂದರು ಇನ್‌ಚಾರ್ಜ್.

"ಕಚ್ಚಿಸ್ಕೊಂಡಿದ್ದು ನನ್ನ ಕೈ ಮೇಡಂ. ಕಚ್ಚಿದ್ದಕ್ಕೆ ಪತ್ರ ಬೇಕಾ ಬೇಡ್ವಾ ಅಂತ ನನ್ನ ಒಂದು ಮಾತು ಕೇಳಿದ್ರಾ? ಇಲ್ಲ. ನನ್ನನ್ನೂ ಕೇಳಲ್ಲ, ಅವರನ್ನೂ ಕೇಳಲ್ಲ." ಅವನು ಮುದುಕನ ಕಡೆ ತಿರುಗಿದ. "ನಾನೂ ನಕ್ಕೆ 'ಹೋಲ್ಡಾನ್' ಅಂದಾಗ. ನೀವು ಕಂಡಕ್ಟರ್ ಅಂತ ಆಮೇಲೆ ಗೊತ್ತಾಯ್ತು. ನಮ್ಮಪ್ಪನೂ ನಿಮ್ಮ ಬಸ್ಸಲ್ಲೇ ಓಡಾಡಿರ್ಬೇಕು ಅಜ್ಜ. ಕೈ ಇಳಿಸಿ. ಮುಗೀಬೇಡಿ ನಮಗೆ."

ಬಲಗೈಗೆ ಬ್ಯಾಂಡೇಜ್ ಇದ್ದುದರಿಂದ ಎಡಗೈಯಲ್ಲಿ ಸಹಿ ಹಾಕಿದ. ಅದು ಸಹಿಯ ಹಾಗಿರಲಿಲ್ಲ, ಜೇಡ ಶಾಯಿಯಲ್ಲಿ ಬಿದ್ದು ಎದ್ದು ಹೋದ ಹಾಗಿತ್ತು.

ಎಲ್ಲರೂ ಡಾಕ್ಟರ ಕಡೆ ನೋಡಿದರು. ಅವನು ಮೇಜಿನ ಹಿಂದಿನಿಂದ ಎದ್ದು ಬಂದ. ಪತ್ರಕ್ಕೆ ಸಹಿ ಹಾಕಲಿಲ್ಲ. ಆದರೆ ಇನ್‌ಚಾರ್ಜಿನ ಕೈಯಿಂದ ಕೇಸ್‌ಶೀಟು ತೆಗೆದುಕೊಂಡು, ಅದರೊಳಗಿದ್ದ ಮಾನಸಿಕ ಆಸ್ಪತ್ರೆಯ ಕಾಗದವನ್ನು ಎರಡಾಗಿ ಹರಿದ. ಇಂಜೆಕ್ಷನ್ ನಂತರ ಶಾಂತ ಎಂಬ ಸಾಲನ್ನು ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಹೊಡೆದದ್ದಕ್ಕೆ ಸಾಕ್ಷಿಯಾಗಿ ತನ್ನ ಚುಟುಕು ಸಹಿ ಹಾಕಿದ. ಕೋಲೂ ಮುರಿಯಬಾರದು, ಹಾವೂ ಸಾಯಬಾರದು ಎಂಬ ಜಾತಿಯ ಮನುಷ್ಯ. ಆ ಹೊತ್ತಿಗೆ ಅಷ್ಟು ಮಾಡಿದ್ದೂ ಅವನ ಮಟ್ಟಿಗೆ ದೊಡ್ಡದೇ ಇರಬೇಕು. ಪಿಸುಮಾತಿಗೆ ಮಾತ್ರ ಅದು ಸಾಲದೆನಿಸಿತು.

ಇನ್‌ಚಾರ್ಜ್ ಸಿಸ್ಟರ್ ದುರುದುರು ನಡೆದು ಒಳಕೋಣೆಗೆ ಹೋದರು. ಫೋನಿನಲ್ಲಿ ಅವರು ಆಸ್ಪತ್ರೆಯ ಸೂಪರಿಂಟೆಂಡೆಂಟರ ಜೊತೆ ಮಾತಾಡುವುದು ಕೇಳಿಸುತ್ತಿತ್ತು: ಹೌದು ಸಾರ್, ಅವಳೇ ಸಾರ್, ಈಗಲೇ ಕಳಿಸ್ತೀನಿ ಸಾರ್.

ಮಗಳು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದೊಳಗೆ, ಅದರೊಳಗಿನ ಚಿಕ್ಕ ಜಿಪ್ಪಿನೊಳಗೆ ಇಟ್ಟುಕೊಂಡಳು.

"ನಿನ್ನ ಕೆಲ್ಸಕ್ಕೆ ಏನಾದ್ರೂ ಮಾಡ್ತಾರೇನಮ್ಮ?" ಎಂದು ಕೇಳಿದ ಮುದುಕ.

"ಗೊತ್ತಿಲ್ಲ ಅಜ್ಜ."

"ಕೇಳಿಸ್ಲಿಲ್ಲ."

"ಗೊತ್ತಿಲ್ಲ ಅಂದೆ."

"ಹಾಗಿದ್ರೆ ಯಾಕೆ ಬರೆದೆ? ನಾನು ಸೈನ್ ಹಾಕಿದ್ರೆ ಮುಗೀತಿತ್ತು. ನನ್ನ ವಯಸ್ಸಿಗೆ ಇನ್ನು ಯಾವ ಮರ್ಯಾದೆ."

ಪಿಸುಮಾತು ಬಗ್ಗಿದಳು. ಮೂತ್ರದ ಚೀಲವನ್ನು ಮಂಚದ ಕೆಳಗಿನ ಕೊಕ್ಕೆಗೆ ಸರಿಯಾಗಿ ಸಿಕ್ಕಿಸಿದಳು, ಒಂದು ಲೋಟ ನೀರು ತಂದು ಅವನ ಕೈಗೆ ಕೊಟ್ಟು, ಅವನು ಪೂರ್ತಿ ಕುಡಿಯುವವರೆಗೂ ನಿಂತಳು. ಬೆಳಿಗ್ಗೆಯಿಂದ ಅದು ಅವನ ಮೊದಲ ನೀರು. ಆಮೇಲೆ ಗುರುತು ಹಾಕಿದ್ದ ಆ ಹಾಳೆಯನ್ನು ಮಂಚದಿಂದ ಬಿಡಿಸಿ ಕಂಕುಳಲ್ಲಿಟ್ಟುಕೊಂಡಳು. ಸೂಪರಿಂಟೆಂಡೆಂಟರ ಕೋಣೆಯಲ್ಲಿ ಬೇರೇನನ್ನು ಮರೆತರೂ ಇದನ್ನು ಅವರ ಮೇಜಿನ ಮೇಲಿಡಬೇಕು, ಹಾಕಿದ ಕೈ ತನ್ನದು, ಹಾಕಿಸಿದ ಬಾಯಿ ಯಾರದು ಎಂದೂ ಹೇಳಬೇಕು.

ಮೆಟ್ಟಿಲು ಹತ್ತುವಾಗ ಹೇಳಬೇಕಾದದ್ದನ್ನು ಬಾಯಿಬಿಟ್ಟು ಹೇಳಿಕೊಂಡಳು. ದನಿ ಪಿಸುಗುಟ್ಟಿದರೆ ಪಿಸುಗುಟ್ಟಲಿ ಎಂದುಕೊಂಡು ಹತ್ತಿದಳು.